ಬೈಯುವ ಮೇಸ್ತ್ರಿ ಬೇಕಾಗಿದ್ದ

ಗಾರೆ ಕೆಲಸ ಕಲಿಯಲು ಯಾವ ವಯಸ್ಸು ಸರಿ ಎಂದು ಕೇಳಿದರೆ ಒಬ್ಬೊಬ್ಬ ಮೇಸ್ತ್ರಿ ಒಂದೊಂದು ಹೇಳುತ್ತಾನೆ. 43 ಎಂದು ಮಾತ್ರ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ನಾನು ಹೋದದ್ದು ಆ ವಯಸ್ಸಿನಲ್ಲಿ.

ಅದಕ್ಕೆ ಮುಂಚೆ ಮೈಸೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಕಂಪೋಜಿಟರ್ ಆಗಿದ್ದೆ. ಮೀಸೆ ಮೂಡುವ ಕಾಲಕ್ಕೇ ಸೇರಿದವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಶಾಲೆಗಳ ಪ್ರಶ್ನೆಪತ್ರಿಕೆ, ವರ್ಷಕ್ಕೆ ಒಂದೆರಡು ಕವನ ಸಂಕಲನ, ಇವೇ ನಮ್ಮ ಕೆಲಸ. ಇಂಗ್ಲಿಷ್ ಅಕ್ಷರಕ್ಕೆ ಎರಡು ಕೇಸು ಸಾಕು. ಕನ್ನಡಕ್ಕೆ ಕಾಗುಣಿತ ಬೇಕು, ಒತ್ತು ಬೇಕು, ದೀರ್ಘ ಬೇಕು. ನೂರಾರು ಖಾನೆಗಳ ಮುಂದೆ ನಿಂತು, ಕಣ್ಣು ಕಾಪಿಯ ಮೇಲಿದ್ದರೂ ಕೈ ತಾನಾಗಿ ಸರಿಯಾದ ಖಾನೆಗೆ ಹೋಗುವಷ್ಟು ರೂಢಿಯಾಗಬೇಕು. ಆ ರೂಢಿ ಬರಲು ವರ್ಷಗಳೇ ಹಿಡಿದಿದ್ದವು. ಅದು ಯಾರಿಗೂ ಬೇಡವಾಗಲು ಅಷ್ಟೇನೂ ಹಿಡಿಯಲಿಲ್ಲ. 1990ರ ದಶಕದ ನಡುವಿಗೆ ಡಿಟಿಪಿ ಬಂತು. ಲಗ್ನಪತ್ರಿಕೆಯವರು ಮೊದಲು ಕೈಬಿಟ್ಟರು, ಶಾಲೆಗಳವರು ಆಮೇಲೆ. ಕವಿಗಳು ಕೊನೆಯವರೆಗೂ ಬರುತ್ತಿದ್ದರು, ಆದರೆ ಅವರಿಂದ ದುಡ್ಡು ಬರುವುದು ತಡ. 1996ರಲ್ಲಿ ಮಾಲೀಕರು ಅಚ್ಚಿನ ಮೊಳೆಗಳನ್ನೆಲ್ಲ ಸೀಸದ ಲೆಕ್ಕದಲ್ಲಿ ತೂಕಕ್ಕೆ ಹಾಕಿದರು. ಬಂದದ್ದರಲ್ಲಿ ನಮಗೂ ಒಂದು ಪಾಲು ಕೊಟ್ಟು ಬಾಗಿಲು ಹಾಕಿದರು. ಒಳ್ಳೆಯ ಮನುಷ್ಯ. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಎಲ್ಲರೂ ಹೇಳಿದ್ದು, ಡಿಟಿಪಿ ಕಲಿತುಬಿಡು ಎಂದು. ಕಲಿಯಲಿಲ್ಲ. ಫೀಸು ಕಟ್ಟಲು ದುಡ್ಡಿರಲಿಲ್ಲ ಎಂದು ಆಗ ಹೇಳುತ್ತಿದ್ದೆ. ನಿಜವೆಂದರೆ ಕೂತು ಮಾಡುವ ಕೆಲಸ ನನಗೆ ಕೆಲಸವೆಂದು ತೋರುತ್ತಿರಲಿಲ್ಲ. ಅಲ್ಲದೆ ಅಷ್ಟು ಹೊತ್ತಿಗೆ ನಮ್ಮ ಬೀದಿಯಲ್ಲೇ ಡಿಟಿಪಿ ಬೋರ್ಡುಗಳು ಸಾಲಾಗಿ ಎದ್ದಿದ್ದವು, ಒಳಗೆ ಕೂತವರೆಲ್ಲ ನನ್ನ ಮಗನ ವಯಸ್ಸಿನವರು. ಇನ್ನೊಂದು ಕಡೆ ಊರು ಬೆಳೆಯುತ್ತಿತ್ತು. ವಿಜಯನಗರ, ಬೋಗಾದಿ ಕಡೆ ಎಲ್ಲಿ ನೋಡಿದರೂ ಇಟ್ಟಿಗೆ ರಾಶಿ, ಮರಳಿನ ಗುಡ್ಡೆ. ನನ್ನ ಹೆಂಡತಿಯ ತಮ್ಮ ಅಲ್ಲೇ ಮೇಸ್ತ್ರಿ.

"ಬನ್ನಿ ಭಾವ, ನಮ್ದೇ ಕೆಲಸ ನಡೀತಿದೆ. ನೋಡ್ಕೊಂಡಿರೋರಂತೆ" ಎಂದು ಕರೆದ. ಆ ಮಾತಿನಲ್ಲೇ ತೊಂದರೆ ಇತ್ತು, ನನಗೆ ತಿಳಿಯಲಿಲ್ಲ. ನಾನು ಹೋದದ್ದು ಕಲಿಯಲು, ಅವನು ಕರೆದದ್ದು ನೋಡಿಕೊಂಡಿರಲು. ಸಿಮೆಂಟ್ ಮೂಟೆ ಎಣಿಸಿ ಬರೆಯುವುದು, ಲಾರಿ ಬಂದರೆ ಮರಳಿನ ಅಳತೆ ನೋಡುವುದು, ಟೀ ಬಂದಾಗ ಮೊದಲ ಲೋಟ ನನಗೆ. ಆಳುಗಳು ನನ್ನನ್ನು ಸಾರ್ ಎನ್ನುತ್ತಿದ್ದರು. ನಾನಾಗಿ ಕರಣೆ ಕೇಳಿದರೆ ಇಲ್ಲವೆನ್ನುತ್ತಿರಲಿಲ್ಲ. ಕೊಡುತ್ತಿದ್ದ, ಒಂದು ವರಸೆ ಇಟ್ಟಿಗೆ ಕಟ್ಟಲು ಬಿಡುತ್ತಿದ್ದ, "ಚೆನ್ನಾಗಿ ಬಂದಿದೆ ಭಾವ" ಎನ್ನುತ್ತಿದ್ದ. ಒಂದು ದಿನ ಟೀ ಕುಡಿದು ಬೇಗ ವಾಪಸಾದೆ. ನಾನು ಇಟ್ಟ ಇಟ್ಟಿಗೆಗಳನ್ನು ಒಂದೊಂದಾಗಿ ಕಿತ್ತು, ಗಾರೆ ಕೆರೆದು, ಮತ್ತೆ ಕೂರಿಸುತ್ತಿದ್ದ. ನನ್ನನ್ನು ಕಂಡು ಅವನ ಮುಖವೇ ಸಣ್ಣಗಾಯಿತು. ತಪ್ಪಾದದ್ದು ಎಲ್ಲಿ ಎಂದು ಕೇಳಿದೆ. "ತಪ್ಪೇನಿಲ್ಲ ಬಿಡಿ ಭಾವ" ಎಂದ.

ಅವನನ್ನು ದೂರುವ ಹಾಗಿರಲಿಲ್ಲ. ಅಕ್ಕನ ಗಂಡನ ತಲೆಯ ಮೇಲೆ ಬಾಂಡ್ಲಿ ಹೊರಿಸಿದ, ಹತ್ತು ಜನರ ಮುಂದೆ ಬೈದ ಎಂಬ ಸುದ್ದಿ ಊರಿಗೆ ಹೋದರೆ ಅತ್ತೆಯ ಮುಂದೆ ಅವನು ನಿಲ್ಲುವುದು ಹೇಗೆ? ಮರ್ಯಾದೆ ಎನ್ನುವುದು ಎಷ್ಟು ಗಟ್ಟಿ ಗೋಡೆ ಎಂದು ನನಗೆ ಗೊತ್ತಾದದ್ದು ಅಲ್ಲಿ. ಅದರ ಈಚೆ ನಿಂತವನಿಗೆ ಟೀ ಸಿಗುತ್ತದೆ, ವಿದ್ಯೆ ಸಿಗುವುದಿಲ್ಲ. ಆ ಮಳೆಗಾಲ ಕಳೆಯುವ ಹೊತ್ತಿಗೆ, ನನಗೆ ಬೈಯುವಂಥ ಮೇಸ್ತ್ರಿಯನ್ನು ಹುಡುಕಿಕೊಳ್ಳಬೇಕು ಎಂದು ತೀರ್ಮಾನಿಸಿದೆ.

ಸಿಕ್ಕಿದ. ನಂಜನಗೂಡು ಕಡೆಯವನು, ಬಾಯಿ ತೆರೆದರೆ ಬೈಗುಳ. ಆದರೆ ನನ್ನ ವಯಸ್ಸಿಗೆ ಗೌರವವೆಂದು ಪ್ರತಿ ಬೈಗುಳದ ಕೊನೆಗೂ ಒಂದು 'ರೀ' ಸೇರಿಸುತ್ತಿದ್ದ. ನನಗೆ ಪ್ರೆಸ್ಸು ಎಂದೇ ಹೆಸರಿಟ್ಟ. "ಏನ್ರೀ ಪ್ರೆಸ್ಸು, ಇಟ್ಟಿಗೆ ಮೇಲೆ ಏನ್ ಬರ್ದಿದೆ ಅಂತ ಓದ್ತಾ ನಿಂತಿದೀರಿ, ಎಸೀರೀ ಮೇಲಕ್ಕೆ!" ಕೂಲಿ ಮೇಸ್ತ್ರಿಗೆ ಸಿಗುವುದರ ಅರ್ಧ. ಶನಿವಾರ ಸಂಜೆ ಬಟವಾಡೆ. ಮನೆಯಲ್ಲಿ ಹೆಂಡತಿ ಮೊದಲ ಬಟವಾಡೆಯ ದುಡ್ಡು ಎಣಿಸಿ, ತಮ್ಮನ ಹತ್ತಿರ ಇದ್ದಿದ್ದರೆ ಇದಕ್ಕಿಂತ ಜಾಸ್ತಿ ಬರುತ್ತಿತ್ತು ಎಂದಳು. ಅದೂ ನಿಜವೇ.

ಮೊದಲು ಕಲಿತದ್ದು ಮೇಸ್ತ್ರಿಯಿಂದಲ್ಲ, ಬಾಂಡ್ಲಿ ಹೊರುವ ಒಬ್ಬ ಹೆಂಗಸಿನಿಂದ. ಹಳೇ ಸೀರೆಯ ತುಂಡನ್ನು ತಿರುಚಿ ಸಿಂಬೆ ಸುತ್ತುವುದು ಹೇಗೆ, ಬಾಂಡ್ಲಿ ಎತ್ತಿಕೊಂಡ ಮೇಲೆ ಕತ್ತನ್ನಲ್ಲ, ಕಣ್ಣನ್ನು ಮಾತ್ರ ತಿರುಗಿಸಬೇಕು, ಸಾರವೆಯ ಹಲಗೆಯ ಮೇಲೆ ಹೆಜ್ಜೆ ಇಡುವಾಗ ಹಲಗೆಯ ನಡುವನ್ನಲ್ಲ, ಅದನ್ನು ಕಟ್ಟಿರುವ ಜಾಗವನ್ನು ಮೆಟ್ಟಬೇಕು, ಇದನ್ನೆಲ್ಲ ಆಕೆ ಹೇಳಿಕೊಟ್ಟಳು. ನಾನು ಅಕ್ಕ ಎನ್ನುತ್ತಿದ್ದೆ, ಆಕೆ ನನ್ನನ್ನು ಅಣ್ಣ ಎನ್ನುತ್ತಿದ್ದಳು. ಯಾರು ದೊಡ್ಡವರೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಆಕೆಯ ಕಣ್ಣಳತೆ ಮೇಸ್ತ್ರಿಗಿಂತ ಚುರುಕು. ಕೆಳಗೆ ನಿಂತೇ "ಅಣ್ಣ, ಎಡಗಡೆ ಮೂಲೆ ಈಚೆಗ್ ಬಂದದೆ" ಎನ್ನುತ್ತಿದ್ದಳು. ತೂಕದ ಗುಂಡು ಬಿಟ್ಟು ನೋಡಿದರೆ ಬಂದೇ ಇರುತ್ತಿತ್ತು.

ಎರಡನೆಯ ವರ್ಷ ಕರಣೆ ನನ್ನ ಕೈಗೆ ಬಂತು. ಆಕೆ ನನಗಿಂತ ಎಷ್ಟೋ ಮೊದಲಿಂದ ಆ ಕೆಲಸದಲ್ಲಿದ್ದವಳು, ಆಕೆಗೆ ಬರಲಿಲ್ಲ. ಹೆಂಗಸರು ಕರಣೆ ಹಿಡಿದರೆ ಗೋಡೆ ನಿಲ್ಲುವುದಿಲ್ಲವೇನು ಎಂದು ಒಮ್ಮೆ ಮೇಸ್ತ್ರಿಯನ್ನು ಕೇಳಿದೆ. "ನಿಲ್ತದೆ ಕಣ್ರೀ. ನಿಂತ್ರೆ ಅವಳಿಗೂ ಮೇಸ್ತ್ರಿ ಕೂಲಿ ಕೊಡಬೇಕಾಗ್ತದಲ್ಲ?" ಎಂದ. ಈ ವಿಷಯದಲ್ಲಿ ಅದಕ್ಕಿಂತ ನೇರವಾದ ಉತ್ತರವನ್ನು ನಾನು ಇಂದಿಗೂ ಯಾರಿಂದಲೂ ಕೇಳಿಲ್ಲ. ತಡವಾಗಿ ಬಂದವನಾದರೂ ಗಂಡಸು ಎಂಬ ಕಾರಣಕ್ಕೆ ನಾನು ಸಾಲಿನಲ್ಲಿ ಆಕೆಯನ್ನು ದಾಟಿ ಹೋದೆ. ಆ ಲೆಕ್ಕವನ್ನು ಬಿಟ್ಟು ನನ್ನ ಕಲಿಕೆಯ ಕಥೆ ಹೇಳುವುದು ಸರಿಯಲ್ಲ.

ಈ ಕೆಲಸದಲ್ಲಿ ಯಾರೂ ಕಾರಣ ಹೇಳುವುದಿಲ್ಲ. ಒಂದಕ್ಕೆ ಆರು ಎಂದರೆ ಒಂದು ಪಾಲು ಸಿಮೆಂಟು, ಆರು ಪಾಲು ಮರಳು. ನೀರು ಹಾಕುವ ಮುಂಚೆ ಒಣಗಿದ್ದನ್ನೇ ಸಲಿಕೆಯಲ್ಲಿ ಮಗುಚಬೇಕು, ಬಣ್ಣ ಒಂದೇ ಆಗುವವರೆಗೆ. ಎಷ್ಟು ಸಲ ಎಂದು ಕೇಳಿದರೆ ಬೈಗುಳ. ಇಟ್ಟಿಗೆಯನ್ನು ತೊಟ್ಟಿಯ ನೀರಿಗೆ ಹಾಕಬೇಕು, ಗುಳ್ಳೆ ನಿಲ್ಲುವ ತನಕ ತೆಗೆಯಬಾರದು. ಯಾಕೆ ಎಂದರೆ ಮತ್ತೆ ಬೈಗುಳ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ, ನೀರಿಲ್ಲದ ಸಿಮೆಂಟು ಗಟ್ಟಿಯಾಗದೆ ಪುಡಿಯಾಗಿ ಉಳಿಯುತ್ತದೆ ಎಂದು ನನಗೆ ಹೊಳೆದದ್ದು ಒಂದು ಹಳೇ ಗೋಡೆ ಒಡೆಯುವಾಗ. ಹುಡುಗನಾಗಿದ್ದರೆ ಕಾರಣ ಬೇಕಿರಲಿಲ್ಲ, ಕೈ ಕಲಿಯುತ್ತಿತ್ತು. ನಲವತ್ತು ದಾಟಿದವನ ತಲೆಗೆ ಮೊದಲು ಒಪ್ಪಿಗೆಯಾಗಬೇಕು, ಆಮೇಲೆ ಕೈಗೆ ಇಳಿಯಬೇಕು. ಅದು ದೂರದ ದಾರಿ.

ಗುಂಡು ಬಿಡುವುದೊಂದನ್ನು ಮಾತ್ರ ಮೇಸ್ತ್ರಿ ಕೈಹಿಡಿದು ಕಲಿಸಿದ. ಕಬ್ಬಿಣದ ಗುಂಡು, ಅದಕ್ಕೊಂದು ದಾರ, ದಾರ ತೂರಿಸಿದ ಮರದ ಒಂದು ಚೌಕ. ಚೌಕದ ಅಗಲವೂ ಗುಂಡಿನ ಅಗಲವೂ ಒಂದೇ. ಇಡೀ ಉಪಾಯ ಇರುವುದು ಅದರಲ್ಲಿ. ಚೌಕವನ್ನು ಗೋಡೆಯ ನೆತ್ತಿಗೆ ಒತ್ತಿ ಹಿಡಿದು ಗುಂಡನ್ನು ಇಳಿಬಿಡಬೇಕು. ಅದು ತೂಗಾಡುತ್ತದೆ. ನಿಲ್ಲುವವರೆಗೆ ಕಾಯುವ ಹೊತ್ತು ಯಾರಿಗೂ ಇಲ್ಲ, ಆದ್ದರಿಂದ ದಾರವನ್ನು ಚೂರು ಸಡಿಲ ಬಿಟ್ಟು, ಗುಂಡನ್ನು ಗೋಡೆಗೆ ಮೆಲ್ಲಗೆ ತಾಕಿಸಿ, ಮತ್ತೆ ಎತ್ತಬೇಕು. ಆಮೇಲೆ ನೋಡಬೇಕು. ಗುಂಡು ಗೋಡೆಗೆ ಒರಗಿದ್ದರೆ ಗೋಡೆ ಕೆಳಗೆ ಮುಂದೆ ಬಂದಿದೆ. ಗುಂಡಿಗೂ ಗೋಡೆಗೂ ನಡುವೆ ಬೆಳಕು ಕಂಡರೆ ಒಳಗೆ ಹೋಗಿದೆ. ಮುಟ್ಟಿಯೂ ಮುಟ್ಟದ ಹಾಗೆ ನಿಂತರೆ ತೂಕ ಸರಿ. "ಸುಳ್ಳು ಹೇಳಕ್ ಬರದೇ ಇರೋದು ಈ ಸೈಟಲ್ಲಿ ಇದೊಂದೇ ಕಣ್ರೀ" ಎನ್ನುತ್ತಿದ್ದ.

ಮೊಳೆ ಜೋಡಿಸಿದ ಕೈಗೆ ಇಟ್ಟಿಗೆ ಜೋಡಿಸುವುದು ಸುಲಭವಾಗಿರಬೇಕಲ್ಲ ಎಂದು ಓದುಬರಹದ ಗೆಳೆಯರು ಈಗಲೂ ಕೇಳುತ್ತಾರೆ. ಕೇಳಲು ಚೆನ್ನಾಗಿದೆ, ನಿಜವಲ್ಲ. ಮೊಳೆ ಹಿಡಿದ ಬೆರಳು ಇಟ್ಟಿಗೆಗೆ ಯಾವ ಉಪಕಾರಕ್ಕೂ ಬರಲಿಲ್ಲ. ಸಿಮೆಂಟು ಕಚ್ಚಿ ಮೊದಲ ವಾರವೇ ತುದಿಗಳು ಸುಲಿದವು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದೆ. ಪ್ರೆಸ್ಸಿನಿಂದ ಜತೆಗೆ ಬಂದದ್ದು ಎರಡೇ. ದಿನವಿಡೀ ನಿಲ್ಲಬಲ್ಲ ಕಾಲು ಒಂದು. ಇನ್ನೊಂದು, ಅಕ್ಷರವನ್ನು ತಿರುಗುಮುರುಗಾಗಿ ಓದುವ ಅಭ್ಯಾಸ. ಎಂಜಿನಿಯರು ಪ್ಲ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡು ಹಿಡಿದಿದ್ದರೂ ನಾನು ಎದುರು ನಿಂತು ಅಳತೆ ಓದಿ ಹೇಳುತ್ತಿದ್ದೆ. ಮೇಸ್ತ್ರಿಗೆ ಅದು ಬಹಳ ಅನುಕೂಲವಾಯಿತು, ನನಗೂ.

ನಡುವೆ ಕೆಲವು ದಿನ ನಿರ್ಮಿತಿ ಕೇಂದ್ರದ ತರಬೇತಿಗೂ ಹೋಗಿದ್ದೆ. 1980ರ ದಶಕದಲ್ಲಿ ಕೇರಳದ ಕೊಲ್ಲಂನಲ್ಲಿ ಶುರುವಾಗಿ ಆಮೇಲೆ ನಮ್ಮ ಜಿಲ್ಲೆಗಳಿಗೂ ಬಂದ ವ್ಯವಸ್ಥೆ ಅದು. ಕಡಿಮೆ ಖರ್ಚಿನಲ್ಲಿ ಮನೆ ಕಟ್ಟುವ ಬಗೆಗಳನ್ನು ತೋರಿಸುತ್ತಾರೆ. ಲಾರಿ ಬೇಕರ್ ಅವರು ಕೇರಳದಲ್ಲಿ ಬಳಕೆಗೆ ತಂದ ರ‍್ಯಾಟ್ ಟ್ರ್ಯಾಪ್ ಕಟ್ಟಣೆಯನ್ನು ಮೊದಲು ನೋಡಿದ್ದು ಅಲ್ಲಿ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುವುದು, ಗೋಡೆಯ ಒಳಗೆ ಪೊಳ್ಳು ಉಳಿಯುತ್ತದೆ, ಇಟ್ಟಿಗೆ ಸುಮಾರು ಕಾಲುಭಾಗ ಉಳಿತಾಯ, ಮನೆಯೂ ತಂಪು. ಜತೆಗಿದ್ದ ಹಳೇ ಮೇಸ್ತ್ರಿಗಳಿಗೆ ಅದು ಹಿಡಿಸಲಿಲ್ಲ. ಟೊಳ್ಳು ಗೋಡೆ ಕಟ್ಟಿ ಕೊಟ್ಟರೆ ಮನೆಯವರು ಬಿಟ್ಟಾರೆಯೇ ಎಂದರು. ನನಗೆ ಯಾವ ತಕರಾರೂ ಹುಟ್ಟಲಿಲ್ಲ. ಮರೆಯಬೇಕಾದದ್ದು ನನ್ನ ಕೈಯಲ್ಲಿ ಏನೂ ಇರಲಿಲ್ಲವಲ್ಲ. ತಡವಾಗಿ ಕಲಿಯುವವನಿಗೆ ಇದೊಂದು ಲಾಭ. ಊರಲ್ಲಿ ಅಂಥ ಗೋಡೆ ಕೇಳುವವರು ಸಿಕ್ಕದ್ದು ಮಾತ್ರ ತೀರ ಕಡಿಮೆ.

ಕೊನೆಗೂ ಕೈಗೆ ಹತ್ತದೇ ಹೋದದ್ದು ವೇಗ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕೈಗೆ ಅಚ್ಚುಕಟ್ಟು ಬರುತ್ತದೆ, ಕಣ್ಣಿಗೆ ತೂಕ ಬರುತ್ತದೆ. ಇಪ್ಪತ್ತರ ಹುಡುಗನ ವೇಗ ಮಾತ್ರ ಬರುವುದಿಲ್ಲ. ಹೊಸ ಮನೆ ಕಟ್ಟುವ ಕಡೆ ಬೆಲೆ ಇರುವುದು ಅದಕ್ಕೇ. ಕಂತ್ರಾಟು ಚದರದ ಲೆಕ್ಕ, ಬೇಗ ಎದ್ದಷ್ಟೂ ಉಳಿಕೆ. ನನ್ನ ಪಕ್ಕದ ಹುಡುಗ ಮೂಲೆ ಮುಟ್ಟಿ ಬೀಡಿ ಹಚ್ಚುವಾಗ ನಾನಿನ್ನೂ ಗೋಡೆಯ ನಡುವೆ. ಮೇಸ್ತ್ರಿ ಬೈಯುವುದನ್ನೂ ನಿಲ್ಲಿಸಿದ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ತಾಕಿತು.

ಆಗ ಅವನೇ ನನ್ನನ್ನು ರಿಪೇರಿ ಕೆಲಸಗಳಿಗೆ ಕಳಿಸಲು ಶುರುಮಾಡಿದ. ವೇಗದ ಹುಡುಗರು ರಿಪೇರಿಗೆ ಹೋಗುವುದಿಲ್ಲ. ಚಿಲ್ಲರೆ ಕೆಲಸ, ಧೂಳು, ಮನೆಯವರ ಕಾಟ. ಚಾಮರಾಜಪುರ, ಅಗ್ರಹಾರದ ಹಳೇ ಮನೆಗಳು. ಸೋರುವ ತಾರಸಿ, ಉಪ್ಪು ಹಿಡಿದು ಉದುರುವ ಗೋಡೆ, ಬಿರುಕು ಬಿಟ್ಟ ಕೆಂಪು ನೆಲ. ಹೋದ ಮೇಲೆ ತಿಳಿಯಿತು, ನನಗಾಗಿ ಕಾದಿದ್ದ ಕೆಲಸ ಇದೇ ಎಂದು. ಇಲ್ಲಿ ಮೊದಲರ್ಧ ಬರೀ ನೋಡುವುದು. ನೀರು ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲಿಂದ ಬಂದಿರುವುದೇ ಅಪರೂಪ. ತಾರಸಿಯ ಯಾವುದೋ ಮೂಲೆಯಲ್ಲಿ ಇಳಿದು, ತೊಲೆ ಹಿಡಿದುಕೊಂಡು ಹೋಗಿ, ದೇವರ ಮನೆಯಲ್ಲಿ ತೊಟ್ಟಿಕ್ಕುತ್ತದೆ. ಅವಸರದವನು ದೇವರ ಮನೆಯ ನೆತ್ತಿಗೆ ಸಿಮೆಂಟು ಬಳಿದು ದುಡ್ಡು ಇಸಿದುಕೊಂಡು ಹೋಗಿರುತ್ತಾನೆ. ಪ್ರೂಫ್ ತಿದ್ದುವಾಗಲೂ ಹೀಗೇ, ತಪ್ಪು ಕಂಡ ಸಾಲಿಗಿಂತ ಮೇಲಿನ ಸಾಲನ್ನು ಮೊದಲು ನೋಡಬೇಕಿತ್ತು.

ಆ ಮನೆಗಳಲ್ಲಿ ಹೆಚ್ಚಿನವು ಮದ್ರಾಸ್ ತಾರಸಿಯವು. ಮರದ ತೊಲೆಗಳ ಮೇಲೆ ತೆಳ್ಳನೆಯ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ, ಓರೆಯಾಗಿ ಸಾಲು ಹಿಡಿದು ಸುಣ್ಣದ ಗಾರೆಯಲ್ಲಿ ಕೂರಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಕಲಸಿದ ಗಚ್ಚು, ಅದನ್ನು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುವುದು, ಬಡಿಯುವಾಗ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುವುದು. ಕೊಡತಿ ಪುಟಿದು ವಾಪಸು ಬಂದರೆ ಬಡಿದದ್ದು ಸಾಕು. ಇದನ್ನು ನನಗೆ ಹೇಳಿದವರು ಎಂಬತ್ತರ ಹತ್ತಿರವಿದ್ದ ಒಬ್ಬ ಸುಣ್ಣದ ಮೇಸ್ತ್ರಿ. ಕೈ ನಡುಗುತ್ತಿದ್ದರಿಂದ ಕುರ್ಚಿಯಲ್ಲಿ ಕೂತು ನನ್ನಿಂದ ಮಾಡಿಸುತ್ತಿದ್ದರು. ಅರಳಿಸಿದ ಸುಣ್ಣವನ್ನು ವಾರಗಟ್ಟಲೆ ನೀರಿನಡಿ ಇಡಿಸಿ, ಬೆರಳ ನಡುವೆ ತಿಕ್ಕಿ, "ಇನ್ನೂ ಹರಳದೆ, ಮುಚ್ಚಪ್ಪ" ಎನ್ನುತ್ತಿದ್ದರು. 50 ತುಂಬಿದವನನ್ನು ಅಪ್ಪ ಎಂದು ಏಕವಚನದಲ್ಲಿ ಕರೆಯಬಲ್ಲ ಗುರು ಸಿಕ್ಕಿದ್ದು ನನ್ನ ಪುಣ್ಯ.

ಅವರು ಸಿಮೆಂಟಿನ ವೈರಿಯೇನಲ್ಲ. ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಬೇಡಿ ಎಂಬುದಷ್ಟೇ ಅವರ ಪಟ್ಟು. ಹಳೇ ಗೋಡೆ ನೆಲದಿಂದ ತೇವ ಎಳೆಯುತ್ತದೆ, ಸುಣ್ಣದ ಮೈಯಿಂದ ಅದು ಆರಿಹೋಗುತ್ತದೆ. ಮೇಲೆ ಸಿಮೆಂಟು ಬಳಿದರೆ ತೇವಕ್ಕೆ ದಾರಿ ಕಟ್ಟಿ, ಇನ್ನೂ ಮೇಲಕ್ಕೆ ಏರುತ್ತದೆ, ಇಲ್ಲವೇ ಒಳಗೇ ಉಳಿದು ಗಾರೆಯನ್ನು ತಿನ್ನುತ್ತದೆ. ಮೊಣಕಾಲೆತ್ತರದಲ್ಲಿದ್ದ ಕಲೆ ಮರುವರ್ಷ ಸೊಂಟದೆತ್ತರಕ್ಕೆ ಬಂದದ್ದನ್ನು ನಾನೇ ಕಂಡಿದ್ದೇನೆ. ಮನೆಯೊಡತಿಗೆ ಇದನ್ನು ವಿವರಿಸುವುದು ಗೋಡೆ ರಿಪೇರಿಗಿಂತ ಕಷ್ಟ.

2012ರ ಆಗಸ್ಟ್ 25ರಂದು ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. 1892ರ ಕಟ್ಟಡ ಅದು. ಅಲ್ಲಿನ ಹಳೇ ಪುಸ್ತಕದಂಗಡಿಗಳಲ್ಲಿ ನಾನು ಜೋಡಿಸಿದ ಪುಸ್ತಕಗಳನ್ನೇ ಅರ್ಧ ಬೆಲೆಗೆ ಕಂಡವನು ನಾನು. ಸುದ್ದಿ ಕೇಳಿ ಹೋದೆ. ಪೊಲೀಸರು ಹಗ್ಗ ಕಟ್ಟಿದ್ದರು. ನೆರೆದವರಲ್ಲಿ ಕೆಲವರು ಹಳೇ ಕಾಲದ್ದೆಲ್ಲ ಹೀಗೇ, ಕೆಡವಿಬಿಡಬೇಕು ಎನ್ನುತ್ತಿದ್ದರು. ಇನ್ನು ಕೆಲವರು ಪರಂಪರೆ, ಪರಂಪರೆ ಎನ್ನುತ್ತಿದ್ದರು. ನಾಲ್ಕು ವರ್ಷದ ನಂತರ, 2016ರ ಆಗಸ್ಟಿನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ಕೋರ್ಟಿನವರೆಗೆ ಹೋಯಿತು. ಎರಡೂ ಕಡೆಯ ಮಾತಿನಲ್ಲಿ ನಾನು ಕೇಳಬಯಸಿದ್ದು ಸಿಗಲಿಲ್ಲ. ಉಳಿಸುವುದೆಂದರೆ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಒಬ್ಬ ಮನುಷ್ಯ ತಾರಸಿ ಹತ್ತಿ ಬಿರುಕಿನಲ್ಲಿ ಹುಟ್ಟಿದ ಅರಳಿ ಗಿಡ ಕೀಳಬೇಕು, ನೀರು ಹೋಗುವ ತೂಬಿನ ಕಸ ತೆಗೆಯಬೇಕು. ಆ ಮನುಷ್ಯನ ಕೂಲಿ ಯಾವ ಖಾತೆಗೆ ಎಂದು ಯಾರೂ ಕೇಳುವುದಿಲ್ಲ.

ಕಟ್ಟಡ ಕಾರ್ಮಿಕರ ಕಾಯ್ದೆ ದೆಹಲಿಯಲ್ಲಿ ಆದದ್ದು 1996ರಲ್ಲಿ, ನಾನು ಪ್ರೆಸ್ಸು ಬಿಟ್ಟ ವರ್ಷವೇ. ಕರ್ನಾಟಕದ ನಿಯಮ ಬಂದದ್ದು 2006ಕ್ಕೆ, ಕಲ್ಯಾಣ ಮಂಡಳಿ ಅದರ ಮರುವರ್ಷ. ಹದಿನೆಂಟರಿಂದ ಅರವತ್ತರೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ನೋಂದಾಯಿಸಬಹುದು. ನಾನು ನೋಂದಾಯಿಸಿದಾಗ ಅರವತ್ತಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಅಕ್ಕ ಎಂದು ನಾನು ಕರೆಯುತ್ತಿದ್ದಾಕೆಗೂ ಅರ್ಜಿ ತುಂಬಿಕೊಟ್ಟೆ. ವೃತ್ತಿ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದೆ. ಹೆಲ್ಪರ್ ಅಂತ ಬರಿ ಅಣ್ಣ ಎಂದಳು. ನಾನು ಗಾರೆ ಕೆಲಸ ಎಂದು ಬರೆದೆ.

ಈಗ ಮೊಣಕಾಲು ಹೋಗಿದೆ, ಕೆಲಸ ಬಿಟ್ಟಿದ್ದೇನೆ. 2020ರ ಲಾಕ್‌ಡೌನ್ ಕಳೆದ ಮೇಲೆ ನಮ್ಮ ಅಣ್ಣನ ಅಳಿಯ ಮನೆಗೆ ಬಂದರು. 46 ವಯಸ್ಸು, ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತ್ತು. "ಮಾವ, ನೀವು ಕಲಿತ್ರಲ್ಲ, ನನಗೂ ಆಗುತ್ತಾ?" ಎಂದರು. ಧೈರ್ಯ ಹೇಳುವುದು ಸುಲಭ, ಹೇಳಲಿಲ್ಲ. ಕಾಫಿ ಬರುವವರೆಗೆ ಕುಕ್ಕರಗಾಲಲ್ಲಿ ಕೂತಿರಿ ನೋಡೋಣ ಎಂದೆ. ಅಳಿಯಂದಿರು, ಅದಕ್ಕಿಂತ ಗಟ್ಟಿಯಾಗಿ ಹೇಳುವ ಹಾಗಿಲ್ಲ. ಕಾಫಿ ಬರುವ ಮುಂಚೆಯೇ ಗೋಡೆ ಹಿಡಿದು ಎದ್ದರು. ನೆಲದ ಕೆಲಸ ಬೇಡ, ಟೈಲ್ಸ್ ಅಂತೂ ಬೇಡವೇ ಬೇಡ, ನಿಂತು ಮಾಡುವುದನ್ನು ನೋಡಿ ಎಂದೆ. ನೆಂಟರ ಕೈಕೆಳಗೆ ಮಾತ್ರ ಹೋಗಬೇಡಿ ಎಂದೂ ಹೇಳಿದೆ.

ಅವರು ಒಬ್ಬ ವೈರ್‌ಮನ್ ಹುಡುಗನ ಜತೆ ಸೇರಿಕೊಂಡರು. ಪೈಪು ಕೂರಿಸಲು ಗೋಡೆ ಕೊರೆಯುವುದರಿಂದ ಶುರು. ಆಮೇಲೆ ವೈರು ಎಳೆಯುವುದು, ಬೋರ್ಡು ಕಟ್ಟುವುದು. ಪರ್ಮಿಟ್ ಪರೀಕ್ಷೆಗೂ ಓದಿಕೊಂಡರು. ಹೋದ ತಿಂಗಳು ನಮ್ಮ ಮನೆಯ ಮೇನ್ ಸ್ವಿಚ್ಚು ಬದಲಾಯಿಸಲು ಬಂದಿದ್ದರು. ಪೆಟ್ಟಿಗೆ ಬಿಚ್ಚಿ, ಟಾರ್ಚು ಹಿಡಿದು ಸುಮಾರು ಹೊತ್ತು ನೋಡಿ, ಅರ್ಥಿಂಗ್ ವೈರು ನೆಲಕ್ಕೇ ಹೋಗಿಲ್ಲ, ಗೋಡೆಯೊಳಗೇ ಮಡಚಿ ಬಿಟ್ಟಿದ್ದಾರೆ, ಇಷ್ಟು ವರ್ಷ ನೀವು ಹೇಗೆ ಬದುಕಿದ್ದೀರೋ ಎಂದರು. ಅದನ್ನೂ ಸರಿಮಾಡಿ, ಕೂಲಿ ಇಸಿದುಕೊಂಡೇ ಹೋದರು. ನಮ್ಮ ಮನೆ ಕಟ್ಟಿಸಿದ ಮೇಸ್ತ್ರಿ ಯಾರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಹೆಂಡತಿ ಮಾತ್ರ ಒಳಗೆ ಹೋಗಿ ತಮ್ಮನಿಗೆ ಫೋನ್ ಮಾಡಿದಳು.